ಹತ್ತಿರದ ಕಾಲೇಜು, ದೂರದ ಸೀಟು

(ತೊಕ್ಕೊಟ್ಟಿನಲ್ಲಿ ಪಿಯುಸಿ ವಿದ್ಯಾರ್ಥಿಗಳ ಹೆತ್ತವರ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಈ ಜಂಕ್ಷನ್ನಿನಲ್ಲಿ ಬಸ್ಸು ಹತ್ತಿ ಕುತ್ತಾರು ದಾಟಿದರೆ ದೇರಳಕಟ್ಟೆ, ನಾಟೆಕಲ್‌ಗಳ ನಡುವೆ ಮೂರು ವೈದ್ಯಕೀಯ ಕಾಲೇಜುಗಳು ಸಿಗುತ್ತವೆ. ಆದರೆ 2025ರ ರಾಜ್ಯ ಬಜೆಟ್ಟಿನಲ್ಲಿ ಪುತ್ತೂರಿಗೆ ಸರಕಾರಿ ವೈದ್ಯಕೀಯ ಕಾಲೇಜು ಘೋಷಣೆಯಾದಾಗ ನಮ್ಮ ಜಿಲ್ಲೆಯಲ್ಲಿ ಅಂತಹ ಕಾಲೇಜು ಒಂದೂ ಇರಲಿಲ್ಲ. ಮನೆಯ ಅಂಗಳದಲ್ಲೇ ಕಾಲೇಜಿದೆಯೆಂಬ ನಮ್ಮ ಸಮಾಧಾನ ಎಷ್ಟು ದುಬಾರಿಯೆಂದು ಇದರಿಂದಲೇ ತಿಳಿಯುತ್ತದೆ.

ಇನ್ನೊಂದು ಗೊಂದಲ. ಈ ಮೂರರಲ್ಲಿ ಯೆನೆಪೋಯ ಮತ್ತು ಕೆ.ಎಸ್. ಹೆಗ್ಡೆ ಕಾಲೇಜುಗಳು ಡೀಮ್ಡ್ ವಿಶ್ವವಿದ್ಯಾನಿಲಯಗಳಿಗೆ ಸೇರಿದವು. ಅವುಗಳ ಸೀಟು ದಿಲ್ಲಿಯ ಕೇಂದ್ರ ಕೌನ್ಸೆಲಿಂಗ್ ಸಮಿತಿಯ ಮೂಲಕ ಹಂಚಿಕೆಯಾಗುತ್ತದೆ. ಕಣಚೂರು ಕಾಲೇಜಿನ ಸೀಟು ಬೆಂಗಳೂರಿನ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಮೂಲಕ. ಒಂದೇ ರಸ್ತೆ, ಎರಡು ಅರ್ಜಿ, ಎರಡು ವೇಳಾಪಟ್ಟಿ. ನೀಟ್ ಅಂಕ ಬಂದ ಬಳಿಕ ಇದನ್ನು ಕಲಿಯಲು ಹೊರಡುವವರು ಒಂದನ್ನಾದರೂ ಕಳೆದುಕೊಳ್ಳುತ್ತಾರೆ.

ಪ್ರಾಧಿಕಾರದ ಪಟ್ಟಿಯಲ್ಲಿ ನಾವು ಕಾಲೇಜುಗಳನ್ನು ಆದ್ಯತೆಯ ಕ್ರಮದಲ್ಲಿ ಬರೆಯುತ್ತೇವೆ. ಒಂದೇ ಕಾಲೇಜಿನ ಸರಕಾರಿ ಸೀಟು ಮತ್ತು ಖಾಸಗಿ ಸೀಟು ಅಲ್ಲಿ ಬೇರೆ ಬೇರೆ ಆಯ್ಕೆಗಳು, ಶುಲ್ಕವೂ ಬೇರೆ. ಗಣಕಯಂತ್ರವು ರ್‍ಯಾಂಕಿನ ಪ್ರಕಾರ ನಮ್ಮ ಸರದಿ ಬಂದಾಗ ಪಟ್ಟಿಯನ್ನು ಮೇಲಿನಿಂದ ಓದುತ್ತದೆ. ಮೊದಲು ಖಾಲಿ ಕಂಡದ್ದನ್ನು ಕೊಡುತ್ತದೆ. "ಸಿಗುವಂಥದ್ದನ್ನೇ ಮೇಲೆ ಹಾಕಿ" ಎಂಬ ಸಲಹೆ ಎಲ್ಲ ಊರುಗಳಲ್ಲೂ ಕೇಳಿಬರುತ್ತದೆ, ಅದು ತಪ್ಪು. ಸಿಗದ ಕಾಲೇಜನ್ನು ಮೇಲೆ ಬರೆದರೆ ಕೆಳಗಿನದಕ್ಕೆ ನಷ್ಟವಿಲ್ಲ. ಊರಿನ ಖಾಸಗಿ ಸೀಟನ್ನು ದೂರದ ಸರಕಾರಿ ಸೀಟಿಗಿಂತ ಮೇಲೆ ಬರೆದರೆ ಮಾತ್ರ ನಷ್ಟ. ಮೇಲಿನದು ಸಿಕ್ಕಿತೆಂದರೆ ಕೆಳಗಿನದೆಲ್ಲ ಅಳಿಸಿಹೋಗುತ್ತದೆ.

ನಮ್ಮ ಕುಟುಂಬದಲ್ಲೇ ಒಬ್ಬಳು ಹುಡುಗಿಯ ಪಟ್ಟಿಯಲ್ಲಿ ಎರಡೇ ಹೆಸರುಗಳಿದ್ದವು, ಎರಡೂ ಮಂಗಳೂರಿನವು. ಮಡಿಕೇರಿ, ಹಾಸನ, ಕಾರವಾರಗಳನ್ನು ತಂದೆ ಬರೆಯಗೊಡಲಿಲ್ಲ. ಹೆಣ್ಣುಮಗಳು ಹಾಸ್ಟೆಲಿನಲ್ಲಿ ಹೇಗಿದ್ದಾಳು ಎಂದರು. ಆಕೆಗೆ ಆ ವರ್ಷ ಯಾವ ಸೀಟೂ ಸಿಗಲಿಲ್ಲ. ಆಕೆಗಿಂತ ಹಿಂದಿನ ರ್‍ಯಾಂಕಿನವರು 2ಬಿ ಪ್ರವರ್ಗದಲ್ಲಿ ಕಾರವಾರ ಸೇರಿದರು. ಆ ಪಟ್ಟಿ ತುಂಬುವಾಗ ನಾವೂ ಅದೇ ಕೋಣೆಯಲ್ಲಿದ್ದೆವು, ಹಿರಿಯರ ಮಾತಿಗೆ ಎದುರಾಡಲಿಲ್ಲ. ಅದೇ ತಂದೆ ಮಗನನ್ನು ಕೆಲಸಕ್ಕೆಂದು ಜುಬೈಲಿಗೆ ಕಳುಹಿಸುವಾಗ ದೂರದ ಲೆಕ್ಕ ಹಾಕಿರಲಿಲ್ಲ.

2ಬಿಯ ಮಾತು ಬಂತು. ಶೇ. 4ರ ಈ ಮೀಸಲಾತಿಯನ್ನು ರದ್ದುಪಡಿಸಲು 2023ರ ಮಾರ್ಚ್‌ನಲ್ಲಿ ಅಂದಿನ ಸರಕಾರ ಆದೇಶ ಹೊರಡಿಸಿತು. ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಗಿ ಆದೇಶ ಜಾರಿಯಾಗಲಿಲ್ಲ. ಅದಕ್ಕಾಗಿ ಬೀದಿಗಿಳಿದ ನಾವು ತಹಶೀಲ್ದಾರರ ಕಚೇರಿಯಿಂದ ಪ್ರಮಾಣಪತ್ರ ತಂದು ಅರ್ಜಿಯಲ್ಲಿ ಆ ಪ್ರವರ್ಗವನ್ನು ನಮೂದಿಸಲು ಮರೆತರೆ ಏನು ಹೇಳೋಣ?

ಮೊದಲ ಸುತ್ತಿನಲ್ಲಿ ಸೀಟು ಬಂದರೆ ನಾಲ್ಕು ಆಯ್ಕೆಗಳಿರುತ್ತವೆ. ಮೊದಲನೆಯದು, ಒಪ್ಪಿ ಸೇರುವುದು. ನಾಲ್ಕನೆಯದು, ಹೊರನಡೆಯುವುದು. ಇವು ಎಲ್ಲರಿಗೂ ತಿಳಿಯುತ್ತವೆ. ಎಡವುವುದು ನಡುವಿನ ಎರಡರಲ್ಲಿ. ಎರಡನೆಯದರಲ್ಲಿ ಸಿಕ್ಕ ಸೀಟು ಕೈಯಲ್ಲೇ ಉಳಿಯುತ್ತದೆ, ಅದಕ್ಕಿಂತ ಮೇಲೆ ಬರೆದವುಗಳಿಗೆ ಮಾತ್ರ ಮುಂದಿನ ಸುತ್ತಿನಲ್ಲಿ ಪ್ರಯತ್ನ ನಡೆಯುತ್ತದೆ. ಮೇಲಿನದು ದೊರೆತ ಕ್ಷಣವೇ ಹಳೆಯದು ಹೋಗುತ್ತದೆ, ಮರಳಿ ಕೇಳುವಂತಿಲ್ಲ. ಮೂರನೆಯದರಲ್ಲಿ ಕೈಯಲ್ಲಿರುವುದನ್ನು ಬಿಟ್ಟೇ ಮುಂದೆ ಹೋಗುವುದು. ಇದನ್ನು ಸೈಬರ್ ಸೆಂಟರಿನ ಹುಡುಗನ ಕೈಗೆ ಪಾಸ್‌ವರ್ಡ್ ಕೊಟ್ಟು ತೀರ್ಮಾನಿಸುವುದೇ? ಶುಲ್ಕ ಎಷ್ಟು, ಯಾವಾಗ ಕಟ್ಟಬೇಕೆಂಬುದನ್ನು ಆಯಾ ವರ್ಷದ ಅಧಿಸೂಚನೆಯಲ್ಲಿ ಓದಬೇಕು. ಕಟ್ಟಲಾಗದ ಸೀಟನ್ನು ಪಟ್ಟಿಯಲ್ಲಿ ಬರೆಯಲೇಬಾರದು. ಬಡ್ಡಿಗೆ ಸಾಲ ಎತ್ತಿ ಒಡವೆ ಮಾರುವ ತನಕ ಹೋದವರನ್ನು ನೋಡಿದ್ದೇವೆ.

ಅಣಕು ಹಂಚಿಕೆಯ ಫಲಿತಾಂಶ ಬಂದ ಬಳಿಕ ಪಟ್ಟಿಯನ್ನು ತಿದ್ದಲು ಕೆಲವು ದಿನಗಳಿರುತ್ತವೆ. ಅಂದು ಇಶಾ ನಮಾಝ್ ಮುಗಿಸಿ ಬಂದವರು ಮಗಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ, ಪಟ್ಟಿಯನ್ನು ಅವಳೇ ಓದಿ ಹೇಳಲಿ.