ಹೆಸರು ಕೂಗದ ದಿನ

ಮಾರಿಕಣಿವೆ ಅಣೆಕಟ್ಟು ಕಟ್ಟಿ ಮುಗಿದದ್ದು 1907ರಲ್ಲಿ. 1933ರಲ್ಲಿ ಕೋಡಿ ಬಿತ್ತು. ಮತ್ತೆ ಬಿದ್ದದ್ದು 2022ರಲ್ಲಿ. ನಡುವೆ 89 ವರ್ಷ. ಅಷ್ಟೂ ಕಾಲ ಹಿರಿಯೂರಿನ ತೋಟಗಳಿಗೆ ನೀರು ಕೊಟ್ಟದ್ದು ಇದೇ ತುಂಬದ ಕೆರೆ.

ಆಟಗಾರರ ಬದುಕಿನಲ್ಲೂ ಇಂಥ ಕಾಲವಿರುತ್ತದೆ. 2024ರ ನವೆಂಬರ್‌ನ ಐಪಿಎಲ್ ಹರಾಜಿನಲ್ಲಿ ನಮ್ಮ ಮಯಾಂಕ್ ಅಗರವಾಲ್ ಅವರನ್ನು ಯಾರೂ ಕೊಳ್ಳಲಿಲ್ಲ. ಭಾರತಕ್ಕೆ ಟೆಸ್ಟ್ ಆಡಿದವರು! ಅವರು ಕರ್ನಾಟಕ ತಂಡದ ನಾಯಕರಾಗಿ ವಿಜಯ್ ಹಜಾರೆ ಟ್ರೋಫಿಗೆ ಹೋದರು. 651 ರನ್ ಹೊಡೆದರು, ಕಪ್ಪನ್ನೂ ಗೆದ್ದರು. ನೋಡಲು ಎಷ್ಟು ಜನ ಬಂದಿದ್ದರೋ, ಬಹಳ ಇರಲಾರರು. ಮರುವರ್ಷದ ಮೇ ತಿಂಗಳಲ್ಲಿ ದೇವದತ್ತ ಪಡಿಕ್ಕಲ್ ಗಾಯಗೊಂಡಾಗ ಬೆಂಗಳೂರು ತಂಡ ಮಯಾಂಕ್ ಅವರನ್ನು ಕರೆಯಿತು. ಲಖನೌದಲ್ಲಿ 228ರ ಬೆನ್ನಟ್ಟುವಾಗ ಅವರದು ಔಟಾಗದೆ 41. ಜೂನ್ 3ರಂದು ತಂಡಕ್ಕೆ ಮೊದಲ ಐಪಿಎಲ್ ಕಪ್.

ಅಮೆರಿಕನ್ ಫುಟ್‌ಬಾಲಿನಲ್ಲೂ ಹೀಗೆಯೇ ತಂಡಗಳು ಹೊಸ ಆಟಗಾರರ ಹೆಸರು ಕೂಗಿ ಆರಿಸುವ ದಿನಗಳಿವೆ. ಏಳು ಸುತ್ತು. ನೈಜೀರಿಯಾದಲ್ಲಿ ಹುಟ್ಟಿದ ಎಫೆ ಒಬಾಡ ಹುಡುಗನಾಗಿದ್ದಾಗ ಲಂಡನ್ನಿನ ಬೀದಿಯಲ್ಲಿ ದಿಕ್ಕಿಲ್ಲದೆ ನಿಂತವರು. ಆ ಸುತ್ತುಗಳಲ್ಲಿ ಅವರ ಹೆಸರು ಬರಲೇ ಇಲ್ಲ. ಡಲ್ಲಾಸ್, ಕ್ಯಾನ್ಸಸ್ ಸಿಟಿ, ಅಟ್ಲಾಂಟಾ ತಂಡಗಳು ಕರೆದವು, ಲೀಗ್ ಪಂದ್ಯಗಳಲ್ಲಿ ಆಡಿಸದೆಯೇ ಕೈಬಿಟ್ಟವು. 2017ರಲ್ಲಿ ವಿದೇಶಿ ಆಟಗಾರರಿಗಾಗಿ ತೆರೆದ ಹೊಸ ದಾರಿಯಿಂದ ಕ್ಯಾರೊಲಿನಾ ತಂಡ ಸೇರಿದರು. 2018ರ ಸೆಪ್ಟೆಂಬರ್‌ನಲ್ಲಿ ಕಣಕ್ಕಿಳಿದ ಮೊದಲ ಲೀಗ್ ಪಂದ್ಯದಲ್ಲೇ ಎದುರಾಳಿಯ ಎಸೆತವನ್ನು ನಡುವೆಯೇ ಹಿಡಿದರು.

ಹಾಗೆ ಕರೆ ಬಾರದೇ ಹೋದವರೇ ಹೆಚ್ಚು, ನಿಜ. ಆದರೂ ಇಂದು ಬೆಳಗ್ಗೆ ಹೊಸದುರ್ಗದಲ್ಲೋ ಹೊಳಲ್ಕೆರೆಯಲ್ಲೋ ಆಯ್ಕೆಪಟ್ಟಿಯಲ್ಲಿ ಹೆಸರು ಕಾಣದ ಹುಡುಗಿಯೊಬ್ಬಳು ಶೂ ಕಟ್ಟಿಕೊಳ್ಳುತ್ತಿದ್ದರೆ, ಮನೆಯವರು ಇನ್ನೇಕೆ ಎಂದು ಕೇಳದಿರಲಿ. ತಿಂಡಿ ಕೊಟ್ಟು ಕಳಿಸಲಿ.