ಒಂದು ಪಾಯಿಂಟಿನ ಅಂತರ: ಆರ್ಮಾ ಜಿಲ್ಲೆಯ 2024ರ ಸೀಸನ್ ನನಗೆ ಕಲಿಸಿದ್ದು



ನಾನು ಪುಣೆಯಲ್ಲಿ ಸಾಫ್ಟ್‌ವೇರ್ ಎಂಜಿನಿಯರ್. ಹುಟ್ಟಿದ್ದು ವಿಜಯಪುರ ಜಿಲ್ಲೆಯ ಇಂಡಿ ತಾಲೂಕಿನಲ್ಲಿ, ಬೆಳೆದಿದ್ದು ಪಿಂಪ್ರಿಯಲ್ಲಿ. ಅಪ್ಪ ಅಲ್ಲಿ ಒಂದು ಕಾರ್ಖಾನೆಯಲ್ಲಿದ್ರು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ. ಇಲ್ಲಿ ಕೂತವರಲ್ಲಿ ಅರ್ಧ ಜನರ ಕಥೆ ಇದೇ ಇರಬಹುದು.

ಇವತ್ತು ನಾನು ಮಾತಾಡೋದು ಗೇಲಿಕ್ ಫುಟ್‌ಬಾಲ್ ಬಗ್ಗೆ. ಕೈ ಎತ್ತಿ ನೋಡೋಣ, ಈ ಆಟದ ಹೆಸರು ಕೇಳಿದವರು ಎಷ್ಟು ಜನ? (ನಗು) ಇಬ್ಬರು. ಪರವಾಗಿಲ್ಲ. 2024ರ ಏಪ್ರಿಲ್ ತನಕ ನಾನೂ ಕೇಳಿರಲಿಲ್ಲ. ಆಗ ಆಫೀಸಿನವರು ಆರು ತಿಂಗಳ ಕೆಲಸಕ್ಕೆ ಡಬ್ಲಿನ್‌ಗೆ ಕಳಿಸಿದರು. ನನ್ನ ಪಕ್ಕದ ಟೇಬಲ್ಲಿನ ಸಹೋದ್ಯೋಗಿ ಮೊದಲ ದಿನ ಕೇಳಿದ ಮೊದಲ ಪ್ರಶ್ನೆ, ನಿಮ್ಮ ಜಿಲ್ಲೆ ಯಾವುದು ಅಂತ. ದೇಶ ಅಲ್ಲ, ಕಂಪನಿ ಅಲ್ಲ, ಜಿಲ್ಲೆ. ನಮ್ಮವ್ವ ಯಾರನ್ನಾದರೂ ನೋಡಿದ ತಕ್ಷಣ "ಯಾವೂರಾಯ್ತು ನಿಮ್ದು?" ಅಂತ ಕೇಳ್ತಾಳಲ್ಲ, ಹಾಗೇ. ಅವನದು ಆರ್ಮಾ. ಉತ್ತರ ಐರ್ಲೆಂಡಿನ ಸೇಬಿನ ತೋಟಗಳ ಜಿಲ್ಲೆ, ಜೆರ್ಸಿ ಬಣ್ಣ ಕಿತ್ತಳೆ.

ಮೊದಲು ಆಟದ ಬಗ್ಗೆ ಎರಡು ನಿಮಿಷ. ಒಂದೊಂದು ಕಡೆ 15 ಜನ. ಚೆಂಡನ್ನು ಕೈಯಲ್ಲಿ ಹಿಡೀಬಹುದು, ಆದರೆ ನಾಲ್ಕು ಹೆಜ್ಜೆಗಿಂತ ಹೆಚ್ಚು ಹಿಡಿದು ಓಡೋ ಹಾಗಿಲ್ಲ. ನೆಲಕ್ಕೆ ಪುಟಿಸಬೇಕು, ಇಲ್ಲ ಕಾಲ್ಬೆರಳಿಂದ ಮತ್ತೆ ಕೈಗೆ ತಟ್ಟಿಕೊಳ್ಳಬೇಕು. ಗೋಲು ಕಂಬಗಳು ಇಂಗ್ಲಿಷಿನ ಎಚ್ ಅಕ್ಷರದ ಹಾಗಿರ್ತವೆ. ಅಡ್ಡಪಟ್ಟಿಯ ಮೇಲಿಂದ ಹೋದರೆ 1 ಪಾಯಿಂಟ್, ಕೆಳಗೆ ಬಲೆಗೆ ಬಿದ್ದರೆ ಗೋಲು, ಅದಕ್ಕೆ 3. ಹಾಗಾಗಿ ಸ್ಕೋರನ್ನು 1-11 ಅಂತ ಬರೀತಾರೆ. ಅಂದ್ರೆ ಒಂದು ಗೋಲು, ಹನ್ನೊಂದು ಪಾಯಿಂಟ್, ಒಟ್ಟು 14. ಈ 1-11 ಅನ್ನೋ ಸಂಖ್ಯೆ ನೆನಪಿಟ್ಟುಕೊಳ್ಳಿ. (2025ರಿಂದ ನಿಯಮ ಬದಲಾಗಿದೆ, ದೂರದಿಂದ ಹೊಡೆದರೆ 2 ಪಾಯಿಂಟ್ ಸಿಗುತ್ತೆ. ನಾನು ಹೇಳ್ತಿರೋದು ಅದಕ್ಕೂ ಹಿಂದಿನ ವರ್ಷದ ಮಾತು.)

ಇನ್ನೊಂದು ವಿಷಯ. ಈ ಆಟಗಾರರಿಗೆ ಸಂಬಳ ಇಲ್ಲ. ಫೈನಲ್ ನಡೆಯೋ ಡಬ್ಲಿನ್ನಿನ ಕ್ರೋಕ್ ಪಾರ್ಕಿನಲ್ಲಿ 82,300 ಜನ ಕೂರ್ತಾರೆ. ಮೈದಾನದಲ್ಲಿ ಆಡೋನು ಸೋಮವಾರ ಮತ್ತೆ ತನ್ನ ಶಾಲೆಗೋ ಆಫೀಸಿಗೋ ತೋಟಕ್ಕೋ ಹೋಗ್ತಾನೆ. ದುಡ್ಡು ಕೊಟ್ಟು ಬೇರೆ ಜಿಲ್ಲೆಯಿಂದ ಒಳ್ಳೆ ಆಟಗಾರನನ್ನು ಕೊಂಡು ತರೋ ಪದ್ಧತಿ ಇಲ್ಲ. ಇರೋರು ಇವರೇ, ಇವರಲ್ಲೇ ಗೆಲ್ಲಬೇಕು.

ಗೆದ್ದವರಿಗೆ ಸಿಗೋ ಕಪ್ಪಿನ ಹೆಸರು ಸ್ಯಾಮ್ ಮ್ಯಾಗ್ವಾಯರ್. ಅವನು ಯಾರು ಗೊತ್ತಾ? ಕಾರ್ಕ್ ಜಿಲ್ಲೆಯ ಡನ್‌ಮ್ಯಾನ್‌ವೇ ಕಡೆಯವನು, ಲಂಡನ್ನಿಗೆ ಹೋಗಿ ಅಂಚೆ ಇಲಾಖೆಯಲ್ಲಿ ಕೆಲಸಕ್ಕೆ ಸೇರಿದವನು. ಲಂಡನ್ ತಂಡದ ಪರ ಫೈನಲ್ ಆಡಿದ, ಒಮ್ಮೆಯೂ ಗೆಲ್ಲಲಿಲ್ಲ. 1927ರಲ್ಲಿ ತೀರಿಕೊಂಡ. 1928ರಿಂದ ಆ ದೇಶದ ಅತಿ ದೊಡ್ಡ ಕಪ್ಪಿಗೆ ಅವನ ಹೆಸರು. ಊರು ಬಿಟ್ಟು ಹೊಟ್ಟೆಪಾಡಿಗೆ ಹೋದವನು, ಅದೂ ಫೈನಲ್ ಗೆಲ್ಲದವನು. ಪುಣೆಯಲ್ಲೋ ಮುಂಬೈಯಲ್ಲೋ ಕನ್ನಡ ಸಂಘ ನಡೆಸೋ ನಮ್ಮಂಥವರಿಗೆ ಈ ಮಾತು ಸ್ವಲ್ಪ ತಾಗುತ್ತೆ ಅಲ್ವಾ?

ಈಗ ಆರ್ಮಾಗೆ ಬರೋಣ.

ಆರ್ಮಾ ಅಲ್ಲಿಯವರೆಗೆ ಈ ಕಪ್ ಗೆದ್ದಿದ್ದು ಒಂದೇ ಸಲ, 2002ರಲ್ಲಿ. ಅದಕ್ಕೂ ಮೊದಲು 1953ರ ಫೈನಲ್ ಸೋತಿತ್ತು, ಅದರಲ್ಲಿ ಒಂದು ಪೆನಾಲ್ಟಿ ತಪ್ಪಿಸಿಕೊಂಡಿತ್ತು. 1977ರಲ್ಲೂ ಸೋಲು. 2002ರ ಫೈನಲ್ಲಿನಲ್ಲಿ ಕೆರಿ ಜಿಲ್ಲೆಯ ಎದುರು ಅರ್ಧ ಆಟಕ್ಕೆ 4 ಪಾಯಿಂಟ್ ಹಿಂದೆ. ಆಗಲೂ ಒಂದು ಪೆನಾಲ್ಟಿ ತಪ್ಪಿತ್ತು. ಆಗಿನ ಕೋಚ್ ಜೋ ಕರ್ನನ್ 1977ರಲ್ಲಿ ಸೋತ ತಂಡದ ಆಟಗಾರ. ಸೋತವರಿಗೆ ಕೊಟ್ಟಿದ್ದ ಫಲಕವನ್ನು ಜೊತೆಗೆ ತಂದಿದ್ದರು. ಅದನ್ನು ಹುಡುಗರಿಗೆ ತೋರಿಸಿ, ನಿಮಗೂ ಇದೇ ಬೇಕಾ ಅನ್ನೋ ಅರ್ಥದಲ್ಲಿ ಗೋಡೆಗೆ ಎಸೆದರಂತೆ. ಆರ್ಮಾ ಗೆದ್ದಿತು, 1-12ಕ್ಕೆ 0-14. ಲೆಕ್ಕ ಹಾಕಿ, 15ಕ್ಕೆ 14. ಒಂದೇ ಪಾಯಿಂಟ್. ಅವತ್ತಿನ ಕ್ಯಾಪ್ಟನ್ ಕೀರನ್ ಮೆಗೀನಿ.

ಇದೇ ಮೆಗೀನಿ 2015ರ ಸೀಸನ್ನಿಗೆ ಆರ್ಮಾ ತಂಡದ ಮ್ಯಾನೇಜರ್ ಆದರು. ವರ್ಷದ ಮೇಲೆ ವರ್ಷ ಹೋಯಿತು. ದೊಡ್ಡ ಕಪ್ ಬಿಡಿ, ಅವರ ಪ್ರಾಂತ್ಯವಾದ ಅಲ್ಸ್ಟರ್‌ನ ಕಪ್ಪೂ ಬರಲಿಲ್ಲ. ಆಮೇಲೆ ಶುರುವಾಯಿತು ಪೆನಾಲ್ಟಿ ಕಾಟ. ಮೊದಲೆಲ್ಲ ಆಟ ಸಮ ಆದರೆ ಇನ್ನೊಂದು ದಿನ ಮತ್ತೆ ಆಡಿಸ್ತಿದ್ದರು. ಆ ವರ್ಷಗಳಲ್ಲಿ ಬಹುತೇಕ ನಾಕೌಟ್ ಆಟಗಳಲ್ಲಿ ಹೆಚ್ಚುವರಿ ಸಮಯವೂ ಸಮದಲ್ಲಿ ಮುಗಿದರೆ ಅಲ್ಲೇ ಪೆನಾಲ್ಟಿ ಹೊಡೆತ ಇತ್ತು. 2022ರ ಕ್ವಾರ್ಟರ್ ಫೈನಲ್, ಗಾಲ್ವೇ ಎದುರು ಪೆನಾಲ್ಟಿಯಲ್ಲಿ ಸೋಲು. 2023ರ ಅಲ್ಸ್ಟರ್ ಫೈನಲ್, ಡೆರಿ ಎದುರು ಪೆನಾಲ್ಟಿಯಲ್ಲಿ ಸೋಲು. ಅದೇ ವರ್ಷದ ಕ್ವಾರ್ಟರ್ ಫೈನಲ್, ಮೊನಹನ್ ಎದುರು ಪೆನಾಲ್ಟಿಯಲ್ಲಿ ಸೋಲು. ಲೀಗಿನಲ್ಲೂ ಮೊದಲ ದರ್ಜೆಯಿಂದ ಎರಡನೇ ದರ್ಜೆಗೆ ಜಾರಿದರು.

ಸಾಕಾಗಿತ್ತು ಜನಕ್ಕೆ. 2023ರಲ್ಲಿ ಜಿಲ್ಲೆಯ ಕ್ಲಬ್ಬುಗಳೆಲ್ಲ ಸೇರಿ ಮತ ಹಾಕಿದವು, ಮೆಗೀನಿ ಇರಬೇಕಾ ಬೇಡವಾ ಅಂತ. ಇರಲಿ ಅಂದರು.

ಇಲ್ಲಿ ನಾನು ನನ್ನ ಕಥೆ ಹೇಳಬೇಕು.

ಅದೇ 2023ರಲ್ಲಿ ನಮ್ಮ ಆಫೀಸಿನಲ್ಲೂ ಒಂದು ಮತದಾನ ಆಯಿತು. ಕಂಪನಿ ಹೆಸರು ಬೇಡ. ಹಣದ ಲೆಕ್ಕ ತಾಳೆ ನೋಡೋ ಒಂದು ಸಾಫ್ಟ್‌ವೇರ್ ಮಾಡ್ತಿದ್ವಿ. ಟೀಮ್ ಲೀಡ್ ಒಬ್ಬರು ಮರಾಠಿ ಸರ್, ನನಗಿಂತ ಹತ್ತು ವರ್ಷ ದೊಡ್ಡೋರು. ನಾನು ಎಂಟೆಕ್ ಮುಗಿಸಿ ಸೇರಿದಾಗ ಕೈ ಹಿಡಿದು ಕೆಲಸ ಕಲಿಸಿದವರು. ರಿಲೀಸ್ ಎರಡು ಸಲ ಬಿತ್ತು. ಎರಡೂ ಸಲ ರಾತ್ರೋರಾತ್ರಿ ಹಳೆ ವರ್ಷನ್ನಿಗೆ ವಾಪಸ್ ಹೋದ್ವಿ. ಮೇಲಿನವರು ನಮ್ಮ ನಾಲ್ಕು ಜನ ಸೀನಿಯರ್‌ಗಳನ್ನು ಒಬ್ಬೊಬ್ಬರನ್ನಾಗಿ ಕರೆದು ಕೇಳಿದರು, ಇವರನ್ನು ಮುಂದುವರಿಸೋಣವಾ? ನಾನು ಅಂದೆ, "ಎರಡು ಸಲ ಆಯ್ತಲ್ಲ ಸರ್, ಬದಲಾಯಿಸೋದು ಒಳ್ಳೇದು." ಐದು ನಿಮಿಷವೂ ಯೋಚಿಸಲಿಲ್ಲ. ಅವರನ್ನು ಬೇರೆ ಕಡೆ ಹಾಕಿದರು. ಕೆಲವು ತಿಂಗಳಲ್ಲಿ ಅವರು ಕೆಲಸವನ್ನೇ ಬಿಟ್ಟರು. ಮೂರನೇ ರಿಲೀಸ್ ಸರಾಗವಾಗಿ ಹೋಯಿತು. ನಾನು ಹೇಳಿದ್ದು ಸರಿ ಅಂದುಕೊಂಡೆ.

ಈಗ ಡಬ್ಲಿನ್.

2024ರ ಮೇ 12. ಕ್ಲೋನೆಸ್ ಊರಿನಲ್ಲಿ ಅಲ್ಸ್ಟರ್ ಫೈನಲ್, ಆರ್ಮಾ ಮತ್ತು ಡೊನೆಗಾಲ್. ಹೆಚ್ಚುವರಿ ಸಮಯ ಮುಗಿದಾಗ 20ಕ್ಕೆ 20. ಮತ್ತೆ ಪೆನಾಲ್ಟಿ, ಮತ್ತೆ ಸೋಲು. ಮೂರು ವರ್ಷದಲ್ಲಿ ನಾಲ್ಕನೇ ಸಲ! ಸೋಮವಾರ ನನ್ನ ಸಹೋದ್ಯೋಗಿ ಆಫೀಸಿಗೆ ಬಂದಾಗ ಮುಖ ನೋಡೋ ಹಾಗಿರಲಿಲ್ಲ. ಸಮಾಧಾನ ಹೇಳೋಣ ಅಂತ, "ಇನ್ನಾದರೂ ಮ್ಯಾನೇಜರನ್ನ ಬದಲಾಯಿಸ್ತಾರಾ?" ಅಂತ ಕೇಳಿದೆ. ಅವನು ನನ್ನನ್ನೇ ನೋಡಿ ಒಂದು ಮಾತು ಹೇಳಿದ: ನಾವು ಈ ನಾಲ್ಕರಲ್ಲಿ ಯಾವುದನ್ನೂ ಆಡಿ ಸೋತಿಲ್ಲ.

ನಾನು ಲಾಗ್ ಓದಿ ಹೊಟ್ಟೆ ಹೊರೆಯೋ ಮನುಷ್ಯ. ಆ ಮಾತು ತಲೇಲಿ ಕೂತುಬಿಡ್ತು. ಹೌದಲ್ಲ? ಫಲಿತಾಂಶದ ಕಾಲಂನಲ್ಲಿ ನಾಲ್ಕು ಸೋಲು. ಆಟದ ದಾಖಲೆಯಲ್ಲಿ ನಾಲ್ಕು ಸಮ. ಒಳ್ಳೊಳ್ಳೆ ತಂಡಗಳ ಎದುರು 90 ನಿಮಿಷ ಸಮಕ್ಕೆ ಸಮ ನಿಂತಿದ್ದಾರೆ. ಕ್ಲಬ್ಬಿನವರು ಮತ ಹಾಕುವಾಗ ಆ ಎರಡನೇ ಕಾಲಂ ನೋಡಿದ್ದರೇನೋ.

ಅಲ್ಲಿಂದ ನಾನೂ ಆರ್ಮಾದವನಾದೆ. ಪ್ರಾಂತ್ಯದ ಹಂತ ಆದಮೇಲೆ 16 ತಂಡಗಳು, ನಾಲ್ಕು ನಾಲ್ಕರ ನಾಲ್ಕು ಗುಂಪು. ಗುಂಪಿನಲ್ಲಿ ಮೊದಲು ಬಂದವರು ನೇರ ಕ್ವಾರ್ಟರ್ ಫೈನಲ್‌ಗೆ. ಎರಡನೇ, ಮೂರನೇ ಸ್ಥಾನದವರು ಮಧ್ಯೆ ಇನ್ನೊಂದು ಆಟ ಆಡಬೇಕಿತ್ತು. ಆರ್ಮಾ ವೆಸ್ಟ್‌ಮೀಥನ್ನು ಸೋಲಿಸಿತು. ಡೆರಿಯನ್ನು ಅವರ ಮೈದಾನದಲ್ಲೇ 3-17ಕ್ಕೆ 0-15ರಿಂದ ಬಡಿದುಹಾಕಿತು. ಗಾಲ್ವೇ ಜೊತೆ ಸಮ ಆಯಿತು. ಸ್ಕೋರಿನ ಅಂತರದ ಮೇಲೆ ಆರ್ಮಾ ಮೊದಲು, ಗಾಲ್ವೇ ಎರಡನೇದು.

ಜೂನ್ 29ರಂದು ಅವನು ನನ್ನನ್ನು ಕ್ರೋಕ್ ಪಾರ್ಕ್‌ಗೆ ಕರೆದುಕೊಂಡು ಹೋದ. ಒಂದೇ ದಿನ ಎರಡು ಕ್ವಾರ್ಟರ್ ಫೈನಲ್. ನನಗೆ ಮೊದಲು ಆಶ್ಚರ್ಯ ಆಗಿದ್ದು ಆಟದಿಂದಲ್ಲ. ಎರಡೂ ಕಡೆಯವರು ಬೆರೆತು ಕೂತಿದ್ದಾರೆ, ನಡುವೆ ಬೇಲಿ ಇಲ್ಲ. ನಮ್ಮ ಮುಂದೆ ಒಬ್ಬ ಅಜ್ಜಿ, ಎದುರಾಳಿ ತಂಡದ ಹುಡುಗನಿಗೆ ತನ್ನ ಸ್ಯಾಂಡ್‌ವಿಚ್‌ನಲ್ಲಿ ಪಾಲು ಕೊಟ್ಟು, ಆಮೇಲೆ ಅವನ ತಂಡಕ್ಕೇ ಬೈತಿದ್ದಳು. (ನಗು) ನಮ್ಮೂರ ಜಾತ್ರೆ ಕುಸ್ತಿ ನೆನಪಾಯ್ತು. ಆರ್ಮಾ ರಾಸ್‌ಕಾಮನ್ ಎದುರು ಗೆದ್ದಿತು. ಇನ್ನೊಂದು ಆಟದಲ್ಲಿ ಗಾಲ್ವೇ ಹಿಂದಿನ ವರ್ಷದ ಚಾಂಪಿಯನ್ ಡಬ್ಲಿನ್ನನ್ನು 17ಕ್ಕೆ 16ರಿಂದ ಕೆಡವಿತು. ಫೈನಲ್ಲಿನ ಎರಡೂ ತಂಡಗಳನ್ನು ನಾನು ಅವತ್ತೇ ನೋಡಿಬಿಟ್ಟಿದ್ದೆ, ಗೊತ್ತಿರಲಿಲ್ಲ ಅಷ್ಟೆ.

ಜುಲೈ 13, ಸೆಮಿಫೈನಲ್, ಕೆರಿ ಎದುರು. ಮತ್ತೆ ಸಮ, ಮತ್ತೆ ಹೆಚ್ಚುವರಿ ಸಮಯ. ಟಿವಿ ಮುಂದೆ ಅವನು ಎದ್ದು ಅಡುಗೆಮನೆಗೆ ಹೋಗಿಬಿಟ್ಟ, ಪೆನಾಲ್ಟಿ ನೋಡೋ ಶಕ್ತಿ ನನಗಿಲ್ಲ ಅಂತ. ಬೇಕಾಗಲಿಲ್ಲ. 1-18ಕ್ಕೆ 1-16, ಆರ್ಮಾ ಫೈನಲ್‌ಗೆ.

ಜುಲೈ 28, ಫೈನಲ್. ಗಾಲ್ವೇ ಮ್ಯಾನೇಜರ್ ಪಾಡ್ರಿಕ್ ಜಾಯ್ಸ್ ಕೂಡ 1998, 2001ರಲ್ಲಿ ಆಟಗಾರನಾಗಿ ಗೆದ್ದವರು. ದ್ವಿತೀಯಾರ್ಧದಲ್ಲಿ ಆರ್ಮಾದ ಸ್ಟೆಫನ್ ಕ್ಯಾಂಪ್‌ಬೆಲ್, ಬೆಂಚಿನಿಂದ ಬಂದವನು, ಗೋಲಿನ ಮುಂದೆ ಚೆಂಡು ಸಾಗಿಸಿದ. ಅಲ್ಲಿ ಬಂದು ಅದನ್ನು ಬಲೆಗೆ ತಟ್ಟಿದ್ದು ಏರನ್ ಮೆಕೇ. ಅವನು ಫಾರ್ವರ್ಡ್ ಅಲ್ಲ, ಹಿಂದೆ ಕಾಯಬೇಕಾದ ಡಿಫೆಂಡರ್! ಕೊನೆಗೆ ಗಾಲ್ವೇಗೆ ಸಮ ಮಾಡೋ ಅವಕಾಶ ಸಿಕ್ಕಿತು, ಆಗಲಿಲ್ಲ. 1-11ಕ್ಕೆ 0-13. 14ಕ್ಕೆ 13. 2002ರ ಹಾಗೇ, ಒಂದೇ ಪಾಯಿಂಟ್. ಕ್ಯಾಪ್ಟನ್ ಏಡನ್ ಫೋರ್ಕರ್ ಕಪ್ ಎತ್ತಿದಾಗ ನನ್ನ ಸಹೋದ್ಯೋಗಿ ಅವರಪ್ಪನಿಗೆ ಫೋನ್ ಹಚ್ಚಿದ. ಇಬ್ಬರೂ ಏನೂ ಮಾತಾಡಲಿಲ್ಲ. ಫೋನ್ ಹಿಡಿದು ಅಳ್ತಿದ್ದರು ಅಷ್ಟೆ.

ಇಲ್ಲಿಗೆ ನಿಲ್ಲಿಸಿ, "ತಾಳಿದವನು ಬಾಳಿಯಾನು" ಅಂದುಬಿಟ್ಟರೆ ನೀವು ಚಪ್ಪಾಳೆ ಹೊಡೀತೀರಿ. ಆದರೆ ಅದು ಪೂರ್ತಿ ಪ್ರಾಮಾಣಿಕ ಅಲ್ಲ. ಗಾಲ್ವೇಯ ಒಂದು ಒದೆ ಒಳಗೆ ಹೋಗಿದ್ದರೆ ಆಟ ಸಮ. ಆಮೇಲೆ ಬಹುಶಃ ಇನ್ನೊಂದು ಸೋಲು. ಆಗ ಮೆಗೀನಿ ಕೆಟ್ಟ ಮ್ಯಾನೇಜರ್ ಆಗಿಬಿಡ್ತಿದ್ದರಾ? ಅದೇ ತಂಡ, ಅದೇ ಅಭ್ಯಾಸ, ಅದೇ ಹತ್ತು ವರ್ಷ. ಜೊತೆಗೆ, ಮ್ಯಾನೇಜರನ್ನು ಉಳಿಸಿಕೊಂಡು ಏನೂ ಗೆಲ್ಲದ ಜಿಲ್ಲೆಗಳೂ ಇವೆ. ಅವರ ಬಗ್ಗೆ ಯಾರೂ ಹೀಗೆ ನಿಂತು ಭಾಷಣ ಮಾಡಲ್ಲ. ಹಾಗಾಗಿ ಗೆದ್ದದ್ದರಿಂದ ಮತ ಸರಿಯಾಗಲಿಲ್ಲ. ಮತ ಹಾಕಿದ ದಿನವೇ ಅದು ಸರಿಯಿತ್ತಾ, ಇಲ್ಲವಾ, ಅದೇ ಪ್ರಶ್ನೆ.

ಪುಣೆಗೆ ವಾಪಸ್ ಬಂದ ಮೇಲೆ ನಾನು ಹಳೆ ಲಾಗ್ ತೆಗೆದೆ. 2023ರಲ್ಲೇ ತೆಗೀಬೇಕಿತ್ತು. ಮೊದಲ ರಿಲೀಸ್ ಬಿದ್ದಿದ್ದು ಕ್ಲೈಂಟ್ ಕಡೆಯ ಸರ್ವರ್ ಉತ್ತರ ಕೊಡದೆ ಇದ್ದದ್ದಕ್ಕೆ. ನಮ್ಮ ಕೋಡ್ ಸರಿಯಿತ್ತು. ಎರಡನೇ ಸಲ ತಪ್ಪು ಸರ್ ಅವರದ್ದೇ, ಒಂದು ಪರೀಕ್ಷೆ ಬಿಟ್ಟುಹೋಗಿತ್ತು. ಮೂರನೇ ರಿಲೀಸ್ ಗೆದ್ದಿತಲ್ಲ, ಅದರಲ್ಲಿ ಓಡಿದ ಮುಖ್ಯ ಸ್ಕ್ರಿಪ್ಟ್ ಅವರೇ ಬರೆದದ್ದು. ಮೇಲ್ಗಡೆ ಲೇಖಕರ ಹೆಸರು ಇನ್ನೂ ಅವರದೇ ಇತ್ತು. ಅವರು ಬಿಟ್ಟುಹೋದ ಮೇಲೆ ನಾವು ಅವರ ಹೆಗಲ ಮೇಲೆ ನಿಂತು ಕಪ್ ಎತ್ತಿದ್ವಿ.

ಅವರಿಗೆ ಫೋನ್ ಮಾಡಿದೆ. ನಾಲ್ಕು ದಿನ ಮುಂದೂಡಿ, ಐದನೇ ದಿನ ಮಾಡಿದೆ. ನಡೆದಿದ್ದನ್ನ ಹೇಳಿದೆ, ನಾನೇನು ಅಂದಿದ್ದೆ ಅನ್ನೋದನ್ನೂ ಸೇರಿಸಿ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಮರಾಠಿಯಲ್ಲಿ ಅಂದರು, "ನೀನು ಬದಲಾಯಿಸಿ ಅಂದಿದ್ದಕ್ಕೆ ಬೇಜಾರಿಲ್ಲಪ್ಪ. ಒಂದು ಸಲ ನನ್ನನ್ನೂ ಕೇಳಬಹುದಿತ್ತು, ಏನಾಯ್ತು ಅಂತ."

ಈ ಮಾತಿಗೆ ನನ್ನ ಹತ್ತಿರ ಇವತ್ತಿಗೂ ಉತ್ತರ ಇಲ್ಲ.

ಈಗ ನಾನೂ ಒಂದು ಸಣ್ಣ ಟೀಮಿನ ಲೀಡ್. ವರ್ಷಕ್ಕೊಮ್ಮೆ ಒಬ್ಬೊಬ್ಬರಿಗೂ ಅಂಕ ಹಾಕೋ ಕೆಲಸ ನನ್ನದು. ಅಂಕ ಹಾಕೋ ಮೊದಲು ಮೂರು ವಿಷಯ ಮಾಡ್ತೀನಿ. ಫಲಿತಾಂಶದ ಪಕ್ಕ ಇನ್ನೊಂದು ಕಾಲಂ ಎಳೀತೀನಿ: ಇದು ಆಡಿ ಸೋತಿದ್ದಾ, ಸಮ ಆಗಿ ಪೆನಾಲ್ಟಿಯಲ್ಲಿ ಸೋತಿದ್ದಾ? ಈ ಸಲ ಹೋದ ಸಲಕ್ಕಿಂತ ಹತ್ತಿರ ಬಂದಿದ್ದಾರಾ, ದೂರ ಹೋಗಿದ್ದಾರಾ ಅಂತ ನೋಡ್ತೀನಿ. ಮೂರನೇದು, ಆ ಮನುಷ್ಯನನ್ನೇ ಕೂರಿಸಿಕೊಂಡು ಕೇಳ್ತೀನಿ, ಏನಾಯ್ತು ಅಂತ. ಇಷ್ಟು ಮಾಡಿದ ಮೇಲೂ ಕೆಲವು ಸಲ ಬದಲಾಯಿಸಲೇಬೇಕಾಗುತ್ತೆ. ಹೋದ ವರ್ಷ ಒಬ್ಬರನ್ನು ಬದಲಾಯಿಸಿದೆ. ಆದರೆ ಅವರ ಮುಖ ನೋಡಿ, ಕಾರಣ ಹೇಳಿ ಬದಲಾಯಿಸಿದೆ.

ಆರ್ಮಾದವರಿಗೆ ಹೊರಗಿನಿಂದ ಆಟಗಾರರನ್ನು ಕೊಳ್ಳೋಕೆ ಆಗ್ತಿರಲಿಲ್ಲ. ಹಾಗಾಗಿ ಇದ್ದವರನ್ನೇ ಸರಿಯಾಗಿ ನೋಡೋದನ್ನ ಕಲಿತರು ಅಂತ ನನಗನ್ನಿಸುತ್ತೆ. ನಾವು ಕೊಳ್ಳಬಲ್ಲೆವು. ಅದಕ್ಕೇ ನೋಡೋದಿಲ್ಲ.

ಯಾರಿಗಾದರೂ ಒಂದು ಫೋನ್ ಮಾಡೋದು ಬಾಕಿ ಇದ್ದರೆ, ಇವತ್ತೇ ಮಾಡಿ.