ದಂಡಿನ ಬಿಯರು, ಪೇಟೆಯ ಕಡಲೆಕಾಯಿ

(ಬೆಂಗಳೂರಿನ ಹಳೆಯ ದಂಡು ಪ್ರದೇಶದ ಸಂಜೆ ನಡಿಗೆಗೆ ಮುನ್ನ ಆಡಿದ ಮಾತುಗಳು)

ಬೆಂಗಳೂರಿನಲ್ಲಿ ತಿಂಡಿಯ ನಡಿಗೆ ಎಂದರೆ ಗಾಂಧಿ ಬಜಾರು, ಇಲ್ಲವೇ ಸಜ್ಜನರಾವ್ ವೃತ್ತದ ತಿಂಡಿ ಬೀದಿ ಎಂದೇ ಎಲ್ಲರ ಲೆಕ್ಕ. ಆ ದಾರಿಯಲ್ಲಿ ದೋಸೆಯುಂಟು, ಕಾಫಿಯುಂಟು. ಬಿಯರಿನ ಮಾತೆತ್ತಿದರೆ ಮಾತ್ರ ಹುಬ್ಬುಗಳು ಮೇಲೇರುತ್ತವೆ. ಅದಕ್ಕಾಗಿ ದಂಡಿಗೇ ಬರಬೇಕು. ಈ ಸಂಜೆಯ ದಾರಿ ಬ್ರಿಗೇಡ್ ರಸ್ತೆಯಿಂದ ಚರ್ಚ್ ಸ್ಟ್ರೀಟ್ ಹಿಡಿದು, ಸೇಂಟ್ ಮಾರ್ಕ್ಸ್ ರಸ್ತೆಯ ಮೂಲಕ ವಿಠಲ ಮಲ್ಯ ರಸ್ತೆಯವರೆಗೆ. ನಡೆಯುವುದು ಕಡಿಮೆ, ನಿಲ್ಲುವುದೇ ಹೆಚ್ಚು.

ಬ್ರಿಟಿಷರು ಇಲ್ಲಿ ದಂಡು ಕಟ್ಟಿದ್ದು 1809ರಲ್ಲಿ. ಇಂದಿನ ಮಹಾತ್ಮ ಗಾಂಧಿ ರಸ್ತೆಗೆ ಆಗ ಸೌತ್ ಪರೇಡ್ ಎಂದು ಹೆಸರು. 1881ರಲ್ಲಿ ಮೈಸೂರು ರಾಜ್ಯ ಒಡೆಯರಿಗೆ ಮರಳಿದರೂ ದಂಡು ಬ್ರಿಟಿಷರ ಕೈಯಲ್ಲೇ ಉಳಿಯಿತು. ಅದನ್ನು ಅವರು ಬಿಟ್ಟುಕೊಟ್ಟದ್ದು 1947ರಲ್ಲಿ. ಪೇಟೆ ಮತ್ತು ದಂಡು ಒಂದೇ ಕಾರ್ಪೊರೇಷನ್ನಿಗೆ ಸೇರಿದ್ದು 1949ರಲ್ಲಿ. ಹೀಗೆ ಹತ್ತಿರ ಹತ್ತಿರ ಒಂದೂವರೆ ಶತಮಾನ ಕಾಲ ಒಂದೇ ಊರಿನಲ್ಲಿ ಎರಡು ಊರುಗಳಿದ್ದವು. ಒಂದು ಊಟಕ್ಕೆ ಕೂರುವ ಹೊತ್ತಿಗೆ ಇನ್ನೊಂದು ಕುಡಿಯಲು ಕೂರುತ್ತಿತ್ತು ಎಂದರೆ ತುಸು ಅತಿಶಯ, ಆದರೆ ಪೂರ್ತಿ ಸುಳ್ಳಲ್ಲ.

ಬಿಯರು ಬಂದದ್ದು ಸೈನಿಕರ ಬಾಯಾರಿಕೆಗಾಗಿ. ಥಾಮಸ್ ಲೀಷ್‌ಮನ್ ಎಂಬ ಸ್ಕಾಟ್ಲೆಂಡಿನವನು 1915ರಲ್ಲಿ ದಕ್ಷಿಣ ಭಾರತದ ಐದು ಬಿಯರ್ ತಯಾರಿಕಾ ಘಟಕಗಳನ್ನು ಒಗ್ಗೂಡಿಸಿ ಯುನೈಟೆಡ್ ಬ್ರೂವರೀಸ್ ಸ್ಥಾಪಿಸಿದ. ದೊಡ್ಡ ಪೀಪಾಯಿಗಳು ಎತ್ತಿನ ಗಾಡಿಗಳ ಮೇಲೆ ಸೈನಿಕರ ಬಿಡಾರಗಳಿಗೆ ಹೋಗುತ್ತಿದ್ದವು. 1947ರಲ್ಲಿ ವಿಠಲ ಮಲ್ಯ ಆ ಕಂಪನಿಯ ಮೊದಲ ಭಾರತೀಯ ನಿರ್ದೇಶಕರಾದರು.

ಬಿಯರು ಆಗುವ ಬಗೆ ಕನ್ನಡದ ತಾಯಂದಿರಿಗೆ ಅರ್ಧ ಗೊತ್ತಿರುವುದೇ. ಕೂಸಿಗೆ ರಾಗಿಸರಿ ಮಾಡಲು ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬಂದ ಮೇಲೆ ಒಣಗಿಸಿ ಹುರಿಯುತ್ತಾರಲ್ಲ, ಬಾರ್ಲಿಗೂ ಮೊದಲು ಮಾಡುವುದು ಅದನ್ನೇ. ಮೊಳಕೆಯೊಡೆದ ಕಾಳಿನಲ್ಲಿ ಹುಟ್ಟುವ ಕಿಣ್ವಗಳು ಹಿಟ್ಟನ್ನು ಸಕ್ಕರೆಯಾಗಿಸುತ್ತವೆ. ಅದಕ್ಕೇ ಸರಿ ಸಿಹಿ. ಬಾರ್ಲಿಯ ಸಿಹಿನೀರಿಗೆ ಹಾಪ್ಸ್ ಎಂಬ ಹೂವನ್ನು ಹಾಕಿ ಕುದಿಸುತ್ತಾರೆ. ಕಹಿ ಬರುವುದು ಅದರಿಂದ. ಆಮೇಲಿನದು ಯೀಸ್ಟಿನ ಕೆಲಸ. ಸೀಸೆಗೆ ತುಂಬುವ ಬಿಯರನ್ನು ಸಾಮಾನ್ಯವಾಗಿ ಬಿಸಿ ಮಾಡಿ ಕೆಡದಂತೆ ಕಾಪಾಡುತ್ತಾರೆ. ಪೀಪಾಯಿಯಿಂದ ನಲ್ಲಿಗೆ ಬರುವ ಡ್ರಾಟ್ ಬಿಯರಿಗೆ ಇಲ್ಲಿ ಆ ಸಂಸ್ಕಾರ ಇರುತ್ತಿರಲಿಲ್ಲ. ಅದು ತಣ್ಣಗಿರಬೇಕು, ಬೇಗ ಖಾಲಿಯಾಗಬೇಕು. ತಯಾರಿಸುವವರು ಊರಿನಲ್ಲೇ ಇದ್ದದ್ದು ಬೆಂಗಳೂರಿಗೆ ಅನುಕೂಲವಾಯಿತು.

1980ರ ದಶಕದಲ್ಲಿ ಪಬ್ಬುಗಳು ಬಂದದ್ದು ಈ ಅನುಕೂಲದ ಮೇಲೆಯೇ. ಅಂತರಿಕ್ಷ ನೌಕೆಯಂತೆ ಒಳಾಂಗಣ ಕಟ್ಟಿಸಿಕೊಂಡ ನಾಸಾ ಚರ್ಚ್ ಸ್ಟ್ರೀಟಿನಲ್ಲಿತ್ತು. ರೆಸ್ಟ್ ಹೌಸ್ ರಸ್ತೆಯ ಪೆಕೋಸ್ 1989ರಲ್ಲಿ ಶುರುವಾಯಿತು. ಅಲ್ಲಿ ರಾಕ್ ಸಂಗೀತ. ಮಬ್ಬು ಬೆಳಕಿನ ಹಳೆಯ ಬಾರುಗಳಿಗೆ ಮುಖ ಮುಚ್ಚಿಕೊಂಡು ನುಗ್ಗುತ್ತಿದ್ದ ಊರಿನಲ್ಲಿ ಹುಡುಗ ಹುಡುಗಿಯರು ಮಧ್ಯಾಹ್ನವೇ ಮಗ್ಗು ಹಿಡಿದು ಕೂತರು.

ನೆಂಚಿಕೊಳ್ಳಲು ಏನು? ಕುತೂಹಲದ ಸಂಗತಿ ಇರುವುದು ಇಲ್ಲಿ. ಬ್ರೆಡ್ಡು ದಂಡಿನಿಂದ ಪೇಟೆಗೆ ಹೋಗಿ, ಅಯ್ಯಂಗಾರ್ ಬೇಕರಿಗಳಲ್ಲಿ ಮೊಟ್ಟೆಯ ಹಂಗು ತೊರೆದು, ಈರುಳ್ಳಿ ಹಸಿಮೆಣಸಿನಕಾಯಿ ಸೇರಿಸಿಕೊಂಡು ಖಾರದ ಬನ್ನಾಯಿತು. ಅದೇ ಬೇಕರಿಗಳ ಕಾಂಗ್ರೆಸ್ ಕಡಲೆಕಾಯಿ ಪೇಟೆಯಿಂದ ದಂಡಿಗೆ ಬಂದು ಬಿಯರಿನ ಜೊತೆಗಾರನಾಯಿತು. ಹುರಿದು, ಸಿಪ್ಪೆ ತೆಗೆದು, ಎರಡು ಹೋಳಾದ ಬೀಜಕ್ಕೆ ಉಪ್ಪು, ಖಾರ, ಇಂಗು, ಕರಿಬೇವು. 1969ರ ಜುಲೈನಲ್ಲಿ ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ಅಧಿವೇಶನ ನಡೆಸಿದ ಕಾಂಗ್ರೆಸ್ಸು ಅದೇ ವರ್ಷ ಎರಡು ಹೋಳಾದದ್ದರಿಂದ ಈ ಹೆಸರು ಬಂತೆಂದು ಊರಿನವರು ಹೇಳುತ್ತಾರೆ. ದಾಖಲೆ ಕೇಳಬೇಡಿ, ಬೀಜ ತಿನ್ನಿ.

ಸೇಂಟ್ ಮಾರ್ಕ್ಸ್ ರಸ್ತೆಯ ಕೋಶೀಸ್ 1940ರಲ್ಲಿ ಬೇಕರಿಯಾಗಿ ಹುಟ್ಟಿದ್ದು. ಕಟ್ಲೆಟ್ಟು, ಬಿಯರು, ಹಾಗೂ ಯಾರೂ ಎಬ್ಬಿಸದ ಮೇಜು ಅಲ್ಲಿನ ಹೆಗ್ಗಳಿಕೆ. ಮಹಾತ್ಮ ಗಾಂಧಿ ರಸ್ತೆಯ ಕಾಫಿ ಹೌಸ್ 2009ರಲ್ಲಿ ಆ ಜಾಗ ಖಾಲಿ ಮಾಡಿ ಚರ್ಚ್ ಸ್ಟ್ರೀಟಿಗೆ ಬಂತು. ಅದು ಕಾರ್ಮಿಕರೇ ನಡೆಸುವ ಸಹಕಾರ ಸಂಘದ್ದು; ಪೇಟದ ಪರಿಚಾರಕರೇ ಅದರ ಒಡೆಯರು.

ಆದರೆ ಈ ಬೀದಿಯಲ್ಲಿ ಕೂರುವ ಹಕ್ಕು ಎಲ್ಲರಿಗೂ ಸಮನಾಗಿ ದಕ್ಕಿಲ್ಲ. 2007ರ ಜುಲೈನಲ್ಲಿ ರಾಜ್ಯ ಸರ್ಕಾರ ಸಾರಾಯಿ ನಿಷೇಧಿಸಿತು. ಸಾರಾಯಿಯಿಂದ ಮನೆ ಹಾಳಾದ ಹೆಂಗಸರು ಎಷ್ಟೋ ವರ್ಷಗಳಿಂದ ಅದಕ್ಕಾಗಿ ಬೀದಿಗಿಳಿದಿದ್ದರು. ಅವರ ಬೇಡಿಕೆ ನ್ಯಾಯವಾದದ್ದೇ. ಆದರೂ ಮುಚ್ಚಿದ್ದು ಕೂಲಿಯವನ ಗಡಂಗು, ತೆರೆದೇ ಉಳಿದದ್ದು ಸಾಹುಕಾರನ ಬಾರು. 2009ರ ಜನವರಿಯಲ್ಲಿ ಮಂಗಳೂರಿನ ಪಬ್ಬೊಂದಕ್ಕೆ ನುಗ್ಗಿದ ಗುಂಪು ಯುವತಿಯರನ್ನು ಅಟ್ಟಾಡಿಸಿ ಹೊಡೆಯಿತು. 2016ರ ಡಿಸೆಂಬರ್ 31ರ ರಾತ್ರಿ ಇದೇ ಬ್ರಿಗೇಡ್ ರಸ್ತೆಯ ಜನಜಂಗುಳಿಯಲ್ಲಿ ಮಹಿಳೆಯರು ಕಿರುಕುಳ ಅನುಭವಿಸಿದರು. ಎರಡೂ ಸಲ ಕೆಲವರು ಕೇಳಿದ್ದು ಹೊಡೆದವರು ಯಾರು, ಕೈಹಾಕಿದವರು ಯಾರು ಎಂದಲ್ಲ; ಆ ಹೆಣ್ಣುಮಕ್ಕಳು ಅಲ್ಲಿಗೆ ಏಕೆ ಹೋದರು ಎಂದು. ಈ ನಡಿಗೆಗೆ ಬಂದಿರುವ ಹೆಣ್ಣುಮಕ್ಕಳಿಗೂ ಮನೆಯಲ್ಲಿ ಯಾರೋ ಆ ಪ್ರಶ್ನೆ ಕೇಳಿಯೇ ಕಳಿಸಿರಬಹುದು.

ನಡಿಗೆ ಮುಗಿಯುವುದು 2008ರಲ್ಲಿ ತೆರೆದ ಯು.ಬಿ. ಸಿಟಿಯ ಮುಂದೆ. ಪೀಪಾಯಿ, ಎತ್ತಿನಗಾಡಿಗಳ ಕುರುಹನ್ನು ಅಲ್ಲಿ ಹುಡುಕಿ ಪ್ರಯೋಜನವಿಲ್ಲ. ವಿದೇಶಿ ಕೈಚೀಲಗಳ ಅಂಗಡಿಗಳಿವೆ. ಕುಡಿದವರು ಗಾಡಿ ಮುಟ್ಟಬಾರದು. ಮನೆಗೆ ಹೋಗಲು ಎಂ.ಜಿ. ರಸ್ತೆಯ ಮೆಟ್ರೊ ನಿಲ್ದಾಣವಿದೆ. ಮೊದಲು ಅಲ್ಲಿ ಪ್ಲಾಜಾ ಚಿತ್ರಮಂದಿರವಿತ್ತು.